ಬ್ರೇಕಿನ ಮೇಲಿನ ಕಾಲು

ಆ ಕಾರು ನಮ್ಮ ಬೀದಿಗೆ ತಿರುಗುವ ಮೊದಲೇ ಬಂತೆಂದು ಗೊತ್ತಾಗುತ್ತಿತ್ತು. ಮೂಲೆಯ ಹಾಲಿನ ಬೂತಿನ ಹತ್ತಿರ ಬ್ರೇಕು ಹಾಕಿದರೆ ಸಾಕು, ಸ್ಲೇಟಿನ ಮೇಲೆ ಉಗುರು ಎಳೆದಂಥ ಸದ್ದು ರಾಜಾಜಿನಗರದ ನಮ್ಮ ಬ್ಲಾಕಿನ ಅರ್ಧ ಮನೆಗಳಿಗೆ ಕೇಳುತ್ತಿತ್ತು. ಆ ಭಾನುವಾರ ಬೆಳಿಗ್ಗೆ ಅದು ಕೇಳಿದಾಗ ನಾನು ದೋಸೆ ತಟ್ಟೆಯ ಮುಂದೆ ಕೂತಿದ್ದೆ. ಭಾನುವಾರ ಗ್ಯಾರೇಜಿಗೆ ರಜ. ಗ್ಯಾರೇಜೆಂದರೆ ಮನೆಯ ಪಕ್ಕದಲ್ಲೇ ಇದ್ದ ಶೀಟಿನ ಶೆಡ್ಡು, ಆದ್ದರಿಂದ ರಜ ಎನ್ನುವುದು ಬಾಗಿಲಿಗೆ ಮಾತ್ರ, ನನಗಲ್ಲ. ಮತ್ತೆ ಬಂತಲ್ಲ ನಿಮ್ಮ ಗಾಯನ ಎಂದು ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ. ಆ ಕಾರನ್ನು ನಾನು ಆಗಲೇ ಎರಡು ಸಲ ರಿಪೇರಿ ಮಾಡಿ ಕಳಿಸಿದ್ದೆ.

ಕಾರಿನ ಒಡತಿಯನ್ನು ನಮ್ಮ ಕಡೆ ಎಲ್ಲರೂ ವೀಣೆ ಮೇಡಂ ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೂ ಅವರ ಅಂಬಾಸಿಡರನ್ನು ಮಾರದೆ ಇಟ್ಟುಕೊಂಡಿದ್ದರು, ಏಕೆಂದರೆ ವೀಣೆಯನ್ನು ಬಸ್ಸಿನಲ್ಲಿ ಹೊತ್ತುಕೊಂಡು ಪಾಠಕ್ಕೂ ಕಚೇರಿಗೂ ಓಡಾಡುವುದು ಆಗದ ಮಾತು. ಬ್ರೇಕಿನ ಸದ್ದು ಬೇರೆಯವರಿಗೆ ಕಿರಿಕಿರಿ, ಆಕೆಗೆ ಹಿಂಸೆ. ಅದು ಯಾವ ಸ್ವರಕ್ಕೂ ಸೇರದೆ ಎರಡು ಸ್ವರಗಳ ನಡುವೆ ನಿಂತು ಕೊಯ್ಯುತ್ತದೆ ಎಂದು ನನಗೆ ಹೇಳಿದ್ದರು. ಮೊದಲ ಸಲ ನಾನು ಹಿಂದಿನ ಎರಡೂ ಚಕ್ರಗಳ ಡ್ರಮ್ ಬಿಚ್ಚಿ, ದೂಳು ತೆಗೆದು, ಚಕ್ರ ಹಿಡಿದು ನಿಲ್ಲಿಸುವ ಲೈನಿಂಗನ್ನು ಉಪ್ಪುಕಾಗದದಲ್ಲಿ ಉಜ್ಜಿ, ಅದರ ತುದಿಗಳನ್ನು ಅರದಿಂದ ಇಳಿಜಾರು ಮಾಡಿ ಕೂರಿಸಿದೆ. ಒಂದು ವಾರ ಬಾಯಿ ಮುಚ್ಚಿಕೊಂಡಿದ್ದು ಮತ್ತೆ ಶುರುವಾಯಿತು. ಎರಡನೇ ಸಲ ಡ್ರಮ್ಮುಗಳನ್ನು ಲೇತಿಗೆ ಹಾಕಿಸಿ ಒಳಮೈ ಸಮ ಮಾಡಿಸಿದೆ, ಸ್ಪ್ರಿಂಗುಗಳನ್ನು ಬದಲಾಯಿಸಿದೆ. ಮತ್ತೊಂದು ವಾರ. ನನ್ನ ಕೈಗುಣದ ಬಗ್ಗೆ ನನಗೇ ಸಿಟ್ಟು ಬರುವಂತಾಗಿತ್ತು.

ಶೆಡ್ಡಿನ ಮುಂದೆ ಕಾರು ನಿಲ್ಲಿಸಿ ಇಳಿದದ್ದು ಡ್ರೈವರ್ ಒಬ್ಬನೇ. ಹೇರೋಹಳ್ಳಿಯ ಒಕ್ಕಲು ಮನೆಯವನು, ಐವತ್ತು ದಾಟಿದ ಮನುಷ್ಯ. ಮೇಡಂ ಗಂಡನ ಕಾಲದಿಂದ ಆ ಕಾರೊಂದನ್ನೇ ಓಡಿಸಿದವನು. ಬೇರೆಯವರ ಕಾರಿನ ಕೆಳಗೆ ಮಲಗಿದರೆ ನಮ್ಮ ಮುಖದ ಮೇಲೆ ಕೆಸರು ಉದುರುತ್ತಿತ್ತು. ಇವನ ಕಾರಿನ ಕೆಳಗೆ ಊಟಕ್ಕೆ ಎಲೆ ಹಾಕಬಹುದಿತ್ತು. ಮೇಡಂ ಎಲ್ಲಿ ಎಂದು ಕೇಳಿದೆ. ಶಿಷ್ಯೆಯ ಮನೆಗೆ ಹೋಗಿದ್ದಾರೆ, ಮಧ್ಯಾಹ್ನ ಊಟ ಮುಗಿಸಿ ಬರುತ್ತಾರೆ, ನಾಲ್ಕಕ್ಕೆ ಕೆಂಗೇರಿಯ ಮದುವೆ ಮನೆಯಲ್ಲಿ ಕಚೇರಿಗೆ ಹೊರಡಬೇಕು ಎಂದ. ಕಾರು ಇಲ್ಲಿಗೆ ಬಂದಿರುವುದು ಅವರಿಗೆ ಗೊತ್ತೇ ಎಂದೆ. ಆತ ತಲೆ ತಗ್ಗಿಸಿದ.

ಆಮೇಲೆ ವಿಷಯ ಹೊರಬಿತ್ತು. ಮಾರನೆಯ ದಿನದಿಂದ ಹೊಸ ಡ್ರೈವರ್ ಬರುವುದು ನಿಶ್ಚಯವಾಗಿತ್ತು. ನನಗಿಂತ ಮೊದಲು ಈ ಕಾರು ನೋಡುತ್ತಿದ್ದ ಇನ್ನೊಂದು ಗ್ಯಾರೇಜಿನವರು, ನಿಮ್ಮ ಡ್ರೈವರ್ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತಾನೆ, ಅದಕ್ಕೇ ಲೈನಿಂಗ್ ಸುಟ್ಟು ಕಿರುಚುತ್ತದೆ ಎಂದು ಆಕೆಯ ಕಿವಿಗೆ ಹಾಕಿದ್ದರು. ನಮ್ಮ ಕಸುಬಿನಲ್ಲಿ ಕಾರಣ ಗೊತ್ತಾಗದಿದ್ದಾಗ ಹೇಳುವ ಮಾತು ಅದು. ಯಾವ ಕಾರಿಗೂ ಹೊಂದುತ್ತದೆ, ಡ್ರೈವರಿಗೆ ಅಲ್ಲವೆಂದು ತೋರಿಸುವ ದಾರಿಯೇ ಇರುವುದಿಲ್ಲ. ಎರಡು ರಿಪೇರಿಯಾದ ಮೇಲೂ ಸದ್ದು ಮರಳಿ ಬಂದದ್ದರಿಂದ ಆಕೆ ಆ ಮಾತನ್ನು ನಂಬಿಬಿಟ್ಟಿದ್ದರು.

"ಕೆಲ್ಸ ಹೋದ್ರೆ ಹೋಗ್ಲಿ ಮೇಸ್ತ್ರಿ, ಮನೇಲಿ ರಾಗಿ ಇದೆ," ಎಂದ ಆತ. "ಆದ್ರೆ ನನ್ ಕಾಲು ಸರಿ ಇಲ್ಲ ಅನ್ನಿಸ್ಕೊಂಡು ಹೋಗ್ಬಾರ್ದು. ಇವತ್ತೊಂದಿನ ನೋಡಿ."

ನಾನು ಬೈದೆ. ಒಡತಿಗೆ ಹೇಳದೆ ಕಾರು ತಂದಿದ್ದಕ್ಕೆ ಬೈದೆ, ಅದೂ ಅಂಗಡಿಗಳೆಲ್ಲ ಮುಚ್ಚಿರುವ ಭಾನುವಾರ ತಂದಿದ್ದಕ್ಕೆ ಬೈದೆ. ನಿಜವಾಗಿ ನನಗೆ ಹೆದರಿಕೆಯಾಗಿತ್ತು. ಎರಡು ಸಲ ಸೋತ ಕೆಲಸದಲ್ಲಿ ಮೂರನೇ ಸಲವೂ ಸೋತರೆ ಈ ಮನುಷ್ಯನ ಮುಖ ನೋಡುವುದು ಹೇಗೆ? ಬೈದು ಮುಗಿದ ಮೇಲೆ ಲುಂಗಿ ಬಿಚ್ಚಿ ಖಾಕಿ ಪ್ಯಾಂಟು ಹಾಕಿಕೊಂಡು ಬಂದು ಆತನ ಪಕ್ಕದಲ್ಲಿ ಕೂತೆ. ಮೊದಲು ಓಡಿಸಿ ತೋರಿಸಿ ಎಂದೆ.

ಮಾಗಡಿ ರಸ್ತೆಗೆ ಬಂದು, ಜನವಿಲ್ಲದ ಕಡೆ ಎಂದು ಹೇರೋಹಳ್ಳಿ ದಿಕ್ಕಿನ ಮಣ್ಣುದಾರಿಗೆ ಇಳಿದೆವು. ನಾನು ರಸ್ತೆ ನೋಡಲಿಲ್ಲ, ಆತನ ಬಲಗಾಲನ್ನೇ ನೋಡುತ್ತಿದ್ದೆ. ಅಗತ್ಯವಿಲ್ಲದಾಗ ಅದು ಬ್ರೇಕಿನ ಹತ್ತಿರ ಸುಳಿಯುತ್ತಲೂ ಇರಲಿಲ್ಲ. ಹಳ್ಳ ಕಂಡರೆ ದೂರದಿಂದಲೇ ಗೇರು ಇಳಿಸುತ್ತಿದ್ದ. ಆದರೆ ಪೆಡಲನ್ನು ಮೆಲ್ಲಗೆ ಮುಟ್ಟಿದರೂ ಹಿಂದಿನಿಂದ ಆ ಕಿರುಚಾಟ ಏಳುತ್ತಿತ್ತು. ಗದ್ದೆಯಲ್ಲಿದ್ದ ಕೊಕ್ಕರೆಗಳು ಹಾರಿಹೋದವು.

ಮುಂದೆ ತಿರುವಿನಲ್ಲಿ ಹುಲ್ಲು ತುಂಬಿದ ಎತ್ತಿನ ಗಾಡಿ ಎದುರಾಯಿತು. ದಾರಿ ಒಂದೇ ವಾಹನದಷ್ಟು ಅಗಲ. ಗಾಡಿಯವನು ಹಿಂದಕ್ಕೆ ಹೊಡೆಯುವ ಹಾಗಿರಲಿಲ್ಲ, ಹೀಗಾಗಿ ನಾವೇ ಹಿಂದೆ ಸರಿಯಬೇಕಾಯಿತು. ಆತ ಕತ್ತು ಹೊರಳಿಸಿ ರಿವರ್ಸಿನಲ್ಲಿ ಹುಣಿಸೆ ಮರದವರೆಗೆ ಬಂದು, ದಾರಿಯಲ್ಲಿ ಎರಡು ಮೂರು ಕಡೆ ನಿಲ್ಲಿಸಿ, ಗಾಡಿಗೆ ಜಾಗ ಬಿಟ್ಟ. ಗಾಡಿ ದಾಟಿ ಹೋದ ಮೇಲೆ ನನಗೆ ಏನೋ ಕೊರತೆ ಅನಿಸಿತು. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು: ಸದ್ದು ಆಗಿರಲಿಲ್ಲ. ಮತ್ತೆ ಹಿಂದಕ್ಕೆ ತಗೊಂಡು ಬ್ರೇಕ್ ಹಾಕಿ ಎಂದೆ. ಸದ್ದಿಲ್ಲ. ಮುಂದಕ್ಕೆ ಬಿಟ್ಟು ಹಾಕಿಸಿದೆ. ಕಿರುಚಿತು. ಆ ಹುಣಿಸೆ ಮರದ ಕೆಳಗೆ ಹಿಂದೆ ಮುಂದೆ, ಹಿಂದೆ ಮುಂದೆ ಆಡಿಸಿದೆ. ದೂರದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ನಮಗೇನೋ ಹುಚ್ಚು ಹಿಡಿದಿದೆ ಎಂದುಕೊಂಡು ನಿಂತು ನೋಡುತ್ತಿದ್ದರು.

ಡ್ರಮ್ಮಿನೊಳಗೆ ಲೈನಿಂಗ್ ಹೊದಿಸಿದ, ಅರ್ಧಚಂದ್ರದಂಥ ಎರಡು ಬ್ರೇಕ್ ಶೂ ಇರುತ್ತವೆ, ಒಂದು ಮುಂದೆ, ಒಂದು ಹಿಂದೆ. ಕಾರು ಮುಂದೆ ಹೋಗುವಾಗ ಸುತ್ತುವ ಡ್ರಮ್ಮು ಮುಂದಿನ ಶೂವನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಹಿಂದಕ್ಕೆ ಹೋಗುವಾಗ ಹಿಂದಿನದನ್ನು. ಹಿಂದಕ್ಕೆ ಹೋಗುವಾಗ ಸದ್ದಿಲ್ಲವೆಂದರೆ ಹಿಂದಿನ ಶೂ ಡ್ರಮ್ಮನ್ನು ಸರಿಯಾಗಿ ಮುಟ್ಟುತ್ತಲೇ ಇಲ್ಲ ಎಂದಾಯಿತು. ಈ ಕಾರಿನ ಹಿಂದಿನ ಚಕ್ರದ ಸಿಲಿಂಡರಿಗೆ ಪಿಸ್ಟನ್ ಒಂದೇ. ಅದು ಮುಂದಿನ ಶೂವನ್ನು ನೂಕುತ್ತದೆ. ನೂಕಿದ ಎದುರೇಟಿಗೆ ಸಿಲಿಂಡರಿನ ಒಡಲೇ ಹಿಂಬದಿಯ ತಟ್ಟೆಯ ಸೀಳಿನಲ್ಲಿ ಕೂದಲೆಳೆಯಷ್ಟು ಹಿಂದೆ ಜಾರಿ ಇನ್ನೊಂದು ಶೂವನ್ನು ಒತ್ತಬೇಕು. ಆ ಜಾರಾಟ ನಿಂತರೆ ಹೊರೆಯೆಲ್ಲ ಒಂದೇ ಶೂ ಮೇಲೆ ಬೀಳುತ್ತದೆ. ಅದು ಕಾದು ಕಾದು ಗಾಜಿನಂತೆ ನುಣುಪಾಗಿ ಕಿರುಚುತ್ತದೆ. ನಾನು ಉಜ್ಜಿದಾಗ ಒಂದು ವಾರ ಸುಮ್ಮನಿದ್ದದ್ದು ಅದಕ್ಕೇ. ಹಿಂದಿನ ಶೂ ಸವೆಯದೆ ಉಳಿದಿದ್ದನ್ನು ಎರಡು ಸಲವೂ ನೋಡಿದ್ದೆ. ಮುಂದಿನದು ಎಲ್ಲ ಕಾರಿನಲ್ಲೂ ಹೆಚ್ಚು ಸವೆಯುತ್ತದೆ, ಹಾಗಾಗಿ ಅದರ ಬಗ್ಗೆ ಯೋಚಿಸಿರಲಿಲ್ಲ.

ಶೆಡ್ಡಿಗೆ ವಾಪಸು ಬಂದು ಜಾಕಿ ಏರಿಸಿ, ಹಿಂದಿನ ಎರಡೂ ಡ್ರಮ್ ಬಿಚ್ಚಿದೆ. ಬಲ ಚಕ್ರದ ಸಿಲಿಂಡರನ್ನು ಮರದ ಸುತ್ತಿಗೆಯಲ್ಲಿ ತಟ್ಟಿ ಸೀಮೆಎಣ್ಣೆ ಬಿಟ್ಟಾಗ ಬಿಗುಮಾನ ಬಿಟ್ಟು ಜಾರಿತು. ಎಡದ್ದು ಅಲುಗಲಿಲ್ಲ. ತಟ್ಟಿದೆ, ಎಣ್ಣೆ ಬಿಟ್ಟೆ, ಕಾದೆ, ಮತ್ತೆ ತಟ್ಟಿದೆ. ತಟ್ಟೆಗೂ ಅದಕ್ಕೂ ಬೆಸುಗೆ ಹಾಕಿದಂತಿತ್ತು. ಅದನ್ನು ಪೂರ್ತಿ ಹೊರಗೆ ತೆಗೆಯದೆ ದಾರಿಯಿಲ್ಲ. ತೆಗೆಯಬೇಕಾದರೆ ಬ್ರೇಕ್ ಆಯಿಲಿನ ಪೈಪು ಬಿಚ್ಚಬೇಕು.

ಇಲ್ಲಿಯವರೆಗೆ ಮಾಡಿದ್ದನ್ನು ಹಾಗೇ ಮುಚ್ಚಿ ಕಾರನ್ನು ಮನೆಗೆ ಕಳಿಸಬಹುದಿತ್ತು. ಕಿರುಚಿಕೊಂಡಾದರೂ ಕೆಂಗೇರಿಗೆ ಹೋಗಿ ಬರುತ್ತಿತ್ತು. ಪೈಪು ಬಿಚ್ಚಿದರೆ ಹಿಂದೆ ಸರಿಯುವ ಹಾಗಿಲ್ಲ. ಹಳೆಯ ಕಾರುಗಳಲ್ಲಿ ಆ ಪೈಪಿನ ನಟ್ಟು ತುಕ್ಕು ಹಿಡಿದು, ಸ್ಪ್ಯಾನರ್ ಹಾಕಿದೊಡನೆ ಪೈಪನ್ನೂ ಸೇರಿಸಿಕೊಂಡು ತಿರುಚಿ ಮುರಿಯುವುದು ಮಾಮೂಲು. ಮುರಿದರೆ ಹೊಸ ಪೈಪಿಗೆ ಜೆ.ಸಿ. ರಸ್ತೆಯ ಅಂಗಡಿಗಳು ಸೋಮವಾರ ತೆರೆಯುವವರೆಗೆ ಕಾಯಬೇಕು. ನನ್ನ ಹತ್ತಿರ ಬ್ರೇಕ್ ಆಯಿಲ್ ಇದ್ದದ್ದು ಡಬ್ಬಿಯ ತಳದಲ್ಲಿ ಸ್ವಲ್ಪ. ನಾಲ್ಕು ಗಂಟೆಗೆ ವೀಣೆ ಹಿಡಿದು ಬಾಗಿಲಲ್ಲಿ ನಿಲ್ಲುವ ಮೇಡಂಗೆ, ಹೇಳದೆ ತಂದ ಕಾರು ಬ್ರೇಕಿಲ್ಲದೆ ಜಾಕಿಯ ಮೇಲೆ ನಿಂತಿದೆ ಎಂದು ಯಾರು ಹೇಳುವುದು? ಇದನ್ನೆಲ್ಲ ಆತನಿಗೆ ಬಿಡಿಸಿ ಹೇಳಿದೆ.  ಆತ, ಹೇಗೂ ನಾಳೆಗೆ ನಾನಿರುವುದಿಲ್ಲ, ಬಿಚ್ಚಿ ಎಂದ.

ಆತ ಬಿಚ್ಚಿ ಅಂದರೂ ಕೈ ನನ್ನದು. ಮೊದಲು ಬ್ರೇಕ್ ಪೆಡಲನ್ನು ಸ್ವಲ್ಪ ಒತ್ತಿ, ಅದಕ್ಕೂ ಸೀಟಿಗೂ ನಡುವೆ ಒಂದು ಕೋಲು ಕೊಟ್ಟು ನಿಲ್ಲಿಸಿದೆ. ಹಾಗೆ ಮಾಡಿದರೆ ಮೇಲಿನ ಡಬ್ಬಿಯಿಂದ ಆಯಿಲ್ ಇಳಿದು ಖಾಲಿಯಾಗುವುದಿಲ್ಲ. ಆಮೇಲೆ ಕೆಳಗೆ ಮಲಗಿ ಸ್ಪ್ಯಾನರನ್ನು ನಟ್ಟಿಗೆ ಕೂರಿಸಿದೆ.  ಉಸಿರು ಬಿಗಿಹಿಡಿದು ಎಳೆದೆ. ಟಕ್ ಎಂದಿತು. ಮುರಿಯಿತೆಂದುಕೊಂಡೆ. ಇಲ್ಲ, ನಟ್ಟು ಬೆಣ್ಣೆಯಲ್ಲಿ ಇಟ್ಟಿದ್ದಂತೆ ತಿರುಗಿತು. ಬೆರಳಿಂದಲೇ ಬಿಚ್ಚಿದೆ, ಒಳಗಿನ ತಿರುಪು ಹೊಸದರಂತೆ ಹೊಳೆಯುತ್ತಿತ್ತು. ಅಷ್ಟು ಹಳೆಯ ಕಾರಿನಲ್ಲಿ ಇದು ಹೇಗೆ ಎಂದು ಟಾರ್ಚು ಹಾಕಿ ನೋಡಿದೆ. ನಟ್ಟಿನ ಮೇಲೆ, ಪೈಪಿನ ಮೇಲೆ, ಇಡೀ ತಟ್ಟೆಯ ಮೇಲೆ ದಪ್ಪನೆಯ ಕಪ್ಪು ಬಣ್ಣ. ನೀರು ಒಳಗೆ ಹೋಗುವಂತೆಯೇ ಇರಲಿಲ್ಲ.

ಸಿಲಿಂಡರನ್ನು ಹಿಡಿದಿದ್ದ ಪಟ್ಟಿಗಳನ್ನು ಕೀಳುವಾಗ ಪೂರ್ತಿ ಅರ್ಥವಾಯಿತು. ಅದು ಜಾರಬೇಕಾದ ಸೀಳಿನ ತುಂಬ ಅದೇ ಬಣ್ಣ, ಒಂದರ ಮೇಲೊಂದು ಪದರ ಕೂತು ಕಲ್ಲಾಗಿತ್ತು. ಗರಗಸದ ಬ್ಲೇಡಿನ ತುಂಡಿನಲ್ಲಿ ಕೆರೆದಾಗ ಹೆಬ್ಬೆರಳಗಲದ ಹಕ್ಕಳೆ ಎದ್ದು ಬಂತು. ಅದರ ಅಂಚಿನಲ್ಲಿ ಪದರಗಳು ಕಾಣುತ್ತಿದ್ದವು. ಕೆಳಗಿನಿಂದ ಹೊರಬಂದು ಅದನ್ನು ಆತನ ಕೈಗೆ ಕೊಟ್ಟೆ. ಯಾರು ಹೊಡೆದದ್ದು ಎಂದು ಕೇಳುವ ಅಗತ್ಯವಿರಲಿಲ್ಲ, ಆತನ ಮುಖದಲ್ಲೇ ಇತ್ತು. ಪ್ರತಿ ವರ್ಷ ಆಯುಧಪೂಜೆಯ ಹಿಂದಿನ ದಿನ ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ಮಲಗಿ ಬ್ರಷ್ಷಿನಲ್ಲಿ ಬಣ್ಣ ಬಳಿಯುತ್ತಿದ್ದ. ಬೇರೆಯವರು ಮೇಲೆ ಕುಂಕುಮ ಹಚ್ಚಿ ಚೆಂಡು ಹೂವಿನ ಹಾರ ಹಾಕಿ ಮುಗಿಸಿದರೆ, ಈತ ಯಾರ ಕಣ್ಣಿಗೂ ಬೀಳದ ಜಾಗಕ್ಕೂ ಪೂಜೆ ಸಲ್ಲಿಸುತ್ತಿದ್ದ. ಯಜಮಾನರು ಬದುಕಿದ್ದಾಗ ಬಗ್ಗಿ ನೋಡಿ ಭೇಷ್ ಎಂದಿದ್ದರಂತೆ. ಆಮೇಲೆ ಯಾರೂ ಬಗ್ಗಿ ನೋಡಲಿಲ್ಲ, ಈತ ಬಳಿಯುವುದನ್ನು ಬಿಡಲೂ ಇಲ್ಲ.

ಮೇಡಂಗೆ ತುಕ್ಕು ಎಂದು ಹೇಳಿಬಿಡುತ್ತೇನೆ, ಬಣ್ಣದ ಮಾತು ನಮ್ಮಲ್ಲೇ ಇರಲಿ ಎಂದೆ.  ಆತ ಹಕ್ಕಳೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಆಮೇಲಿನ ಕೆಲಸ ಓಟದ್ದು. ಸೀಳನ್ನು ಕೆರೆದು, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ, ಕಬ್ಬಿಣದ ಬಿಳಿ ಕಾಣುವವರೆಗೆ ಉಜ್ಜಿದೆ. ತೆಳ್ಳಗೆ ಗ್ರಾಫೈಟ್ ಗ್ರೀಸು ಸವರಿ ಸಿಲಿಂಡರ್ ಕೂರಿಸಿದರೆ ಹೆಬ್ಬೆರಳಿನಿಂದ ನೂಕಿದಾಗ ಜಾರಿ, ಈಚೆಗೆ ಎಳೆದಾಗ ವಾಪಸಾಯಿತು. ಬಲ ಚಕ್ರದಲ್ಲೂ ಸಂದಿಯ ಬಣ್ಣ ಕಿತ್ತೆ. ಲೈನಿಂಗುಗಳ ಗಾಜುಮೈ ಉಜ್ಜಿ, ಶೂಗಳನ್ನು ಕಟ್ಟಿ, ಡ್ರಮ್ಮು ಮುಚ್ಚಿ, ಪೈಪು ಬಿಗಿದೆ. ಉಳಿದದ್ದು ಪೈಪಿನೊಳಗೆ ಸೇರಿದ ಗಾಳಿ ತೆಗೆಯುವುದು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಕೆಳಗೆ ಇನ್ನೊಬ್ಬರು ಸಣ್ಣ ನಟ್ಟು ಸಡಿಲಿಸಿ ಗಾಳಿಯನ್ನು ಆಯಿಲಿನ ಜೊತೆ ಹೊರಗೆ ಬಿಡಬೇಕು, ನಟ್ಟು ಬಿಗಿದ ಮೇಲೆಯೇ ಮೇಲಿನವರು ಕಾಲು ತೆಗೆಯಬೇಕು. ನಟ್ಟು ತೆರೆದಿರುವಾಗ ಕಾಲೆತ್ತಿದರೆ ಗಾಳಿ ಮತ್ತೆ ಒಳಗೆ ನುಗ್ಗುತ್ತದೆ, ಎಲ್ಲ ಮೊದಲಿಂದ. ಮೊದಲಿಂದ ಮಾಡುವಷ್ಟು ಆಯಿಲ್ ನಮ್ಮಲ್ಲಿರಲಿಲ್ಲ. ಡಬ್ಬಿಯಲ್ಲಿದ್ದದ್ದನ್ನೆಲ್ಲ ಸುರಿದಾಗಿತ್ತು.

"ನಾನು ಬಿಡಿ ಅನ್ನೋವರ್ಗೂ ಭೂಮಿ ಬಿರಿದ್ರೂ ಕಾಲು ತೆಗೀಬೇಡಿ," ಎಂದು ಹೇಳಿ ಕೆಳಗೆ ಹೋದೆ.

ಒತ್ತಿ, ಹಿಡೀರಿ, ಬಿಡಿ. ಒತ್ತಿ, ಹಿಡೀರಿ, ಬಿಡಿ. ಗಾಜಿನ ಸೀಸೆಯಲ್ಲಿ ಅದ್ದಿದ್ದ ರಬ್ಬರ್ ಕೊಳವೆಯಿಂದ ಗುಳ್ಳೆಗಳು ಬುಳುಬುಳು ಬಂದವು, ಆಮೇಲೆ ಕಡಿಮೆಯಾದವು. ಇನ್ನೇನು ಕೊನೆಯ ಒತ್ತು, ನಟ್ಟು ಸಡಿಲಿಸಿ ಗುಳ್ಳೆ ನೋಡುತ್ತಿದ್ದೆ, ಹೊರಗೆ ಆಟೋ ನಿಂತ ಸದ್ದಾಯಿತು. ಕಾರಿನ ಕೆಳಗಿನಿಂದ ನನಗೆ ಕಂಡದ್ದು ರೇಷ್ಮೆ ಸೀರೆಯ ಅಂಚು ಮತ್ತು ಒಂದು ಜೊತೆ ಚಪ್ಪಲಿ. ಮೇಡಂ ಬೇಗ ಮನೆಗೆ ಬಂದು, ಖಾಲಿ ಕಾರುಮನೆ ನೋಡಿ, ಗ್ಯಾರೇಜಿಗೇ ಹೋಗಿರಬೇಕೆಂದು ಊಹಿಸಿ ನೇರ ಇಲ್ಲಿಗೆ ಬಂದಿದ್ದರು.

"ಕೆಳಗಿಳಿ," ಎಂದರು. ದನಿ ಏರಲಿಲ್ಲ. "ಕೀ ಕೊಟ್ಟು ಮನೆಗೆ ಹೋಗು."

 ನಾನು ನಟ್ಟು ಬಿಗಿಯಲು ಹೋದರೆ ಆಯಿಲು ತಗುಲಿದ ಕೈಯಿಂದ ಸ್ಪ್ಯಾನರ್ ಜಾರಿ ಎದೆಯ ಮೇಲೆ ಬಿತ್ತು. ತಡಕಾಡಿದೆ. ಮೇಡಂ ಇನ್ನೊಂದು ಸಲ, ನಿನಗೇ ಹೇಳುತ್ತಿರುವುದು, ಕೇಳಿಸಲಿಲ್ಲವೇ ಎಂದರು. ಅಷ್ಟು ವರ್ಷ ಆಕೆ ಎರಡನೇ ಸಲ ಹೇಳುವಂತೆ ಮಾಡದ ಮನುಷ್ಯ. ಕಾಲೆತ್ತುತ್ತಾನೆ, ಈಗ ಎತ್ತುತ್ತಾನೆ ಎಂದು ನನ್ನ ಕಣ್ಣು ಸೀಸೆಯ ಮೇಲಿತ್ತು. ಕೊಳವೆಯಲ್ಲಿ ಆಯಿಲು ಒಂದಿಷ್ಟೂ ಹಿಂದೆ ಸರಿಯಲಿಲ್ಲ. ಸ್ಪ್ಯಾನರ್ ಸಿಕ್ಕಿತು, ನಟ್ಟಿಗೆ ಕೂತಿತು, ಬಿಗಿಯಿತು.

ಬಿಡಿ ಎಂದೆ. ಆಗ ಕಾರಿನ ಬಾಗಿಲು ತೆರೆಯಿತು.

ನಾನು ಹೊರಗೆ ತೆವಳಿಕೊಂಡು ಬರುವಷ್ಟರಲ್ಲಿ ಆತ ಆಕೆಯ ಮುಂದೆ ಕೈ ಕಟ್ಟಿ ನಿಂತಿದ್ದ. ತೊಂದರೆ ಸಿಕ್ಕಿದೆ ಮೇಡಂ, ಇವರ ಕಾಲಿನದೇನೂ ಅಲ್ಲ, ಸಿಲಿಂಡರ್ ಹಿಡಿದುಕೊಂಡಿತ್ತು ಎಂದು ಶುರುಮಾಡಿದೆ. ಯಾಕೆ ಹಿಡಿದುಕೊಂಡಿತು ಎಂದು ಕೇಳಿದರು. ತುಕ್ಕು ಎಂದೆ.

"ತುಕ್ಕಲ್ಲ ಅಮ್ಮ, ಬಣ್ಣ," ಎಂದ ಆತ. ಜೇಬಿನಿಂದ ಹಕ್ಕಳೆ ತೆಗೆದು ಅಂಗೈಯಲ್ಲಿ ಚಾಚಿದ. "ನಾನೇ ವರ್ಷ ವರ್ಷ ಹೊಡ್ದಿದ್ದು. ಅಲ್ಲಿ ಹೊಡೀಬಾರ್ದು ಅಂತ ಗೊತ್ತಿರ್ಲಿಲ್ಲ."

ನನಗೆ ಆತನ ಮೇಲೆ ಹೇಳಲಾರದಷ್ಟು ಕೋಪ ಬಂತು. ಇಷ್ಟು ಕಷ್ಟಪಟ್ಟು ಎತ್ತಿದ ಮನುಷ್ಯ ತಾನೇ ಹೋಗಿ ಬಾವಿಗೆ ಬಿದ್ದಂತಾಯಿತು. ಮೇಡಂ ಹಕ್ಕಳೆಯನ್ನು ಬೆಳಕಿಗೆ ಹಿಡಿದು ಅದರ ಅಂಚನ್ನು ಬಹಳ ಹೊತ್ತು ನೋಡಿದರು. ನಾನು ಚಕ್ರಗಳನ್ನು ಹಾಕಿ ಜಾಕಿ ಇಳಿಸಿದ ಮೇಲೆ ಹಿಂದಿನ ಸೀಟಿನಲ್ಲಿ ಹೋಗಿ ಕೂತರು. ಓಡಿಸಿ ತೋರಿಸಲಿ ಎಂದು ನನಗೆ ಹೇಳಿದರು, ಆತನಿಗಲ್ಲ.

ಮೊದಲು ಶೆಡ್ಡಿನ ಮುಂದೆಯೇ ನಿಧಾನವಾಗಿ ಬ್ರೇಕು ಹಿಡಿಸಿ ನೋಡಿ, ನಾನು ಆತನ ಪಕ್ಕದಲ್ಲಿ ಕೂತೆ. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು, ಅಷ್ಟು ಸಮಾಧಾನ. ಬಸವೇಶ್ವರನಗರದ ಕಡೆಗೆ ಇಳಿಯುವ ಹೊಸ ರಸ್ತೆಯಲ್ಲಿ ಆಗ ಸೈಟುಗಳ ಗುರುತಿನ ಕಲ್ಲುಗಳೇ ಹೆಚ್ಚು, ಮನೆಗಳು ಕಡಿಮೆ. ಇಳಿಜಾರಿನಲ್ಲಿ ಆತ ಬ್ರೇಕು ಮುಟ್ಟಿದ. ಟಯರು ಮಣ್ಣು ಅರೆಯುವ ಸದ್ದು ಕೇಳಿತು, ಬೇರೇನಿಲ್ಲ. ಮೇಡಂ ಕಣ್ಣು ಮುಚ್ಚಿ ತಲೆ ಸ್ವಲ್ಪ ಓರೆ ಮಾಡಿ ಕೂತಿದ್ದರು. ಮತ್ತೆ ಎಂದರು. ಮತ್ತೆ ಹಾಕಿದ. ಇನ್ನೂ ವೇಗವಾಗಿ ಬಂದು ಎಂದರು. ಹಾಗೆಯೇ ಮಾಡಿದ. ನನ್ನ ಬೆನ್ನು ಬೆವರಿ ಸೀಟಿಗೆ ಅಂಟಿತ್ತು. ಕಾರು ಪ್ರತಿ ಸಲವೂ ಮಾತಾಡದೆ ನಿಂತಿತು.

ವಾಪಸು ತಿರುಗಿದಾಗ ಆಕೆ ಕೇಳಿದರು: "ಇಳಿ ಅಂದಾಗ ಯಾಕೆ ಇಳೀಲಿಲ್ಲ?"

"ಕಾಲು ತೆಗ್ದಿದ್ರೆ ಗಾಳಿ ಒಳಕ್ಕೆ ಹೋಗ್ತಿತ್ತು ಅಮ್ಮ. ಮೇಸ್ತ್ರಿ ಇನ್ನೂ ಬಿಡಿ ಅಂದಿರ್ಲಿಲ್ಲ."



"ಆ ಹೊಸಬನಿಗೆ ಬರಬೇಡ ಅಂತ ಇವತ್ತೇ ಹೇಳಿ ಕಳಿಸ್ತೀನಿ," ಎಂದರು ಮೇಡಂ. ಕಿಟಕಿಯಾಚೆ ನೋಡುತ್ತಾ ಹೇಳಿದ್ದು. ಆಮೇಲೆ ಇನ್ನಷ್ಟು ಸಣ್ಣ ದನಿಯಲ್ಲಿ, "ನಿನ್ನ ಕಾಲಿನ ಮೇಲೆ ತಪ್ಪು ಹೊರಿಸಿದೆ. ಹಾಗೆ ಮಾಡಬಾರದಾಗಿತ್ತು."

 ಆತ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿ, ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ತಲೆ ಬಗ್ಗಿಸಿದ. ಭುಜಗಳು ಅಲುಗುತ್ತಿದ್ದವು.  ಏನಾದರೂ ಹೇಳೋಣವೆಂದು ನಾನು ಬಾಯಿ ತೆರೆದರೆ ಮೇಡಂ ಬೇಡವೆಂದು ಕೈಸನ್ನೆ ಮಾಡಿದರು. ಕೆಂಗೇರಿಗೆ ಹೊತ್ತಾಗುತ್ತಿತ್ತು, ಇನ್ನೂ ಮನೆಗೆ ಹೋಗಿ ವೀಣೆ ತರಬೇಕಿತ್ತು. ಆಕೆ ಅವಸರ ಮಾಡಲಿಲ್ಲ. ಆತ ಟವೆಲಿನಿಂದ ಮುಖ ಒರೆಸಿಕೊಂಡು ಗೇರು ಹಾಕುವವರೆಗೆ ನಾವಿಬ್ಬರೂ ಕಾಯುತ್ತ ಕೂತಿದ್ದೆವು.